ದೊಡ್ಡ ಮಳಿಗೆಯ ಅಗ್ಗದ ಕಪಾಟಿನಲ್ಲಿ ಬಾಳಿಕೆಯ ಪಾತ್ರೆ ಆರಿಸುವ ಬಗೆ

ಅಗ್ಗದ ಅಡುಗೆ ಸಾಮಾನು ಕೆಡುವುದು ಹೆಚ್ಚಾಗಿ ಜೋಡಣೆ ಇರುವ ಕಡೆ. ಹಿಡಿ ಪಾತ್ರೆಗೆ ಕೂಡುವ ಜಾಗ, ಒಂದು ತಳದ ಕೆಳಗೆ ಇನ್ನೊಂದು ತಳ ಒತ್ತಿದ ಜಾಗ, ಮುಚ್ಚಳಕ್ಕೆ ಗುಬ್ಬಿ ಬಿಗಿದ ಜಾಗ, ಲೋಹದ ಮೇಲೆ ಲೇಪ ಹಚ್ಚಿದ ಜಾಗ. ತಯಾರಕರು ಬೆಲೆ ಇಳಿಸಲು ಮೊದಲು ಕೈಹಾಕುವುದೂ ಅಲ್ಲೇ. ಆದ್ದರಿಂದ ಮನೆಸಾಮಾನಿನ ದೊಡ್ಡ ಮಳಿಗೆಗೆ ಹೋದಾಗ ಒಂದೇ ತಗಡಿನಿಂದ ಒತ್ತಿ ಮಾಡಿದ ಗಂಗಾಳ, ಪರಾತ, ಡಬ್ಬಿ, ಬಟ್ಟಲು, ಸೌಟುಗಳನ್ನು ಅಗ್ಗದ ಕಪಾಟಿನಲ್ಲಿ ಹುಡುಕಿ. ಜೋಡಣೆ ಹೆಚ್ಚಿದಷ್ಟೂ ಪರೀಕ್ಷೆಯೂ ಹೆಚ್ಚಬೇಕು. ಮಡಚುವ, ತಿರುಗಿಸುವ, ಸ್ಪ್ರಿಂಗ್ ಇರುವ ಸಾಮಾನನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಮನೆ ಬಿಡುವ ಮುಂಚೆ

ಒಂದು ಟೇಪು, ಫ್ರಿಜ್ಜಿಗೆ ಅಂಟಿಸುವ ಸಣ್ಣ ಅಯಸ್ಕಾಂತ, ಕೈಯಲ್ಲಿ ಹಿಡಿದು ತೂಗುವ ಕೊಕ್ಕೆ ತಕ್ಕಡಿ ಚೀಲದಲ್ಲಿರಲಿ. ಮುಚ್ಚಳ ಕಳೆದುಹೋದ ಪಾತ್ರೆ ಮನೆಯಲ್ಲಿದ್ದರೆ ಅದರ ಬಾಯಿಯ ಮೇಲೆ ಹಳೆ ಪೇಪರ್ ಇಟ್ಟು ಅಂಚಿಗೆ ಬೆರಳು ಒತ್ತಿ ಗುರುತು ಮೂಡಿಸಿ, ಆ ಗುಂಡಗಿನ ತುಂಡನ್ನು ಕತ್ತರಿಸಿಕೊಳ್ಳಿ. ಬಿಡಿ ಮುಚ್ಚಳ ಮಾರುವ ಕಡೆ ಆ ಪೇಪರ್ ಇಟ್ಟು ನೋಡಿದರೆ ಸಾಕು. ಅಂದಾಜಿನ ಮೇಲೆ ತಂದ ಮುಚ್ಚಳ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಒಂದೋ ಒಳಗೆ ಬೀಳುತ್ತದೆ, ಇಲ್ಲವೋ ಅಳ್ಳಾಡುತ್ತದೆ.

ಕಪಾಟಿನ ಎತ್ತರ ಮತ್ತು ಆಳವನ್ನೂ ಅಳೆದು ಬರೆದುಕೊಳ್ಳಿ. ಡಬ್ಬಿ ಕೊಳ್ಳುವುದಿದ್ದರೆ ಎಷ್ಟು ಕಿಲೋ ಯಾವ ಕಾಳು, ಯಾವ ಹಿಟ್ಟು ಎಂಬುದೂ ಬೇಕು. ಒಂದು ಲೀಟರಿನ ಡಬ್ಬಿಯಲ್ಲಿ ತೊಗರಿಬೇಳೆ ಸುಮಾರು 800 ಗ್ರಾಂ ಹಿಡಿಯುತ್ತದೆ, ಜೋಳದ ಹಿಟ್ಟು 550 ರಿಂದ 600 ಗ್ರಾಂ ಮಾತ್ರ. ಐದು ಕಿಲೋ ಹಿಟ್ಟಿಗೆ ಐದು ಲೀಟರಿನ ಡಬ್ಬಿ ತಂದರೆ ಎರಡು ಕಿಲೋದಷ್ಟು ಚೀಲದಲ್ಲೇ ಉಳಿಯುತ್ತದೆ. ಅದಕ್ಕೆ ಒಂಬತ್ತು ಲೀಟರ್ ಬೇಕು.

ಹೊರಡುವ ಹಿಂದಿನ ದಿನ ಬಜಾರಿನ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಕಿಲೋ ದರ ಕೇಳಿಕೊಳ್ಳಿ. ನಮ್ಮ ಕಲಬುರಗಿ, ಬೀದರ್ ಕಡೆ ಸ್ಟೀಲ್ ಪಾತ್ರೆಯನ್ನು ತೂಕದ ಮೇಲೆ ಕೊಡುವ ರೂಢಿ ಇನ್ನೂ ಇದೆ. ದೊಡ್ಡ ಮಳಿಗೆಯಲ್ಲಿ ಬೆಲೆ ಇರುವುದು ನಗಕ್ಕೆ. ಹೋಲಿಸಬೇಕಾದರೆ ಕೊಕ್ಕೆ ತಕ್ಕಡಿಗೆ ಚೀಲ ಸಮೇತ ಪಾತ್ರೆ ತೂಗಿಹಾಕಿ, ಚೀಲದ ತೂಕ ಕಳೆದು ಲೆಕ್ಕ ಹಾಕಿ: 850 ಗ್ರಾಮಿನ ಬೋಗುಣಿಗೆ 510 ರೂಪಾಯಿ ಇದ್ದರೆ ಕಿಲೋಗೆ 600 ಬಿತ್ತು. ಬಜಾರಿನ ದರಕ್ಕಿಂತ ಇದು ಕಡಿಮೆಯಿದ್ದರೆ ಮುಂದಿನ ಪರೀಕ್ಷೆಗೆ ತೆಗೆದುಕೊಳ್ಳಿ. ಹೆಚ್ಚಿದ್ದರೆ ಆ ಹೆಚ್ಚಿನ ಹಣ ಬಣ್ಣದ ಡಬ್ಬಕ್ಕೆ ಹೋಗುತ್ತಿದೆಯೋ, ಒಳ್ಳೆ ತಳಕ್ಕೆ ಹೋಗುತ್ತಿದೆಯೋ ನೋಡಿ. ಒಂದೇ ತಗಡಿನ ಪಾತ್ರೆಯನ್ನು ಒಂದೇ ತಗಡಿನದರ ಜೊತೆಗೇ ಹೋಲಿಸಬೇಕು. ಅಲ್ಯುಮಿನಿಯಂ ಪದರ ಸೇರಿದ ದಪ್ಪ ತಳದ ಪಾತ್ರೆಗೆ ಈ ಲೆಕ್ಕ ಹೊಂದುವುದಿಲ್ಲ.

ಬೋಗುಣಿಯನ್ನು ಕೈಯಲ್ಲಿ ಹಿಡಿದು

ಪಾತ್ರೆಯನ್ನು ಮಗುಚಿ ಹಿಡಿದು ಟೇಪಿನ ಲೋಹದ ಅಂಚನ್ನು ತಳದ ನಡುವೆ ಅಡ್ಡ ಇಡಿ. ಕಣ್ಣಿನ ಮಟ್ಟಕ್ಕೆ ತಂದು ನೋಡಿದಾಗ ನಡುವೆ ಕೂದಲಿನಷ್ಟು ಬೆಳಕು ಕಂಡರೆ ಚಿಂತೆಯಿಲ್ಲ, ಕಾದಾಗ ತಳ ಹಿಗ್ಗಿ ಸಮವಾಗುತ್ತದೆ. ನಡು ಉಬ್ಬಿ ಎರಡೂ ಬದಿಯಲ್ಲಿ ಬೆಳಕು ಕಂಡರೆ ಅಲ್ಲೇ ಬಿಡಿ. ಅಂಥ ಪಾತ್ರೆ ಒಲೆಯ ಮೇಲೆ ತಿರುಗುತ್ತದೆ, ಎಣ್ಣೆ ಎಲ್ಲ ಕಡೆ ಸಮವಾಗಿ ನಿಲ್ಲುವುದಿಲ್ಲ. ಕಾದಂತೆ ಉಬ್ಬು ಇನ್ನೂ ಹೆಚ್ಚುತ್ತದೆ.

ಆಮೇಲೆ ಬೆರಳ ಗೆಣ್ಣಿನಿಂದ ತಳವನ್ನೊಮ್ಮೆ, ಪಕ್ಕವನ್ನೊಮ್ಮೆ ತಟ್ಟಿ. ಪಕ್ಕ ಕಣಕಣ ಅಂದು ತಳ ಮೊಂಡಾಗಿ ಸದ್ದು ಮಾಡಿದರೆ ತಳ ದಪ್ಪ. ಎರಡೂ ಒಂದೇ ತೆರನಾಗಿ ಗಣಗುಟ್ಟಿದರೆ ತೆಳು ತಗಡು: ನೀರು, ಸಾರು, ಅನ್ನಕ್ಕೆ ಸರಿ, ಹಾಲು, ಪಾಯಸ, ಜುಣಕಕ್ಕೆ ಬೇಡ, ತಳ ಹಿಡಿಯುತ್ತದೆ.

ಬಾಯಿಯ ಅಂಚನ್ನು ಕರವಸ್ತ್ರದ ತುದಿಯಿಂದ ಸುತ್ತ ಒರೆಸಿ. ಬಟ್ಟೆಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಚೂಪು ಉಳಿದಿದೆ, ತೊಳೆಯುವಾಗ ಕೈ ಕೊಯ್ಯುತ್ತದೆ. ಅಂಚನ್ನು ಹೊರಕ್ಕೆ ಸುರುಳಿ ಮಾಡಿ ಮಡಚಿದ ಪಾತ್ರೆಯಲ್ಲಿ ಆ ಸುರುಳಿ ಪೂರ್ತಿ ಮುಚ್ಚಿದೆಯೇ ನೋಡಿ. ಉಗುರು ಹೋಗುವಷ್ಟು ಸಂದಿ ಇದ್ದರೆ ಉಪ್ಪು ನೀರು ಒಳಗೆ ನಿಂತು, ಮೊದಲ ತುಕ್ಕು ಬರುವುದು ಅಲ್ಲಿಂದಲೇ.

ಹಿಡಿಗೆ ಬಂದರೆ, ಪಾತ್ರೆಯನ್ನು ಒಂದು ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಹಿಡಿಯನ್ನು ಮೇಲೆ ಕೆಳಗೆ ಮತ್ತು ತಿರುವುವ ದಿಕ್ಕಿನಲ್ಲಿ ಒತ್ತಿ. ರಿವೆಟ್ ಹೊಡೆದ ಹಿಡಿ ಒಂಚೂರೂ ಅಲುಗಬಾರದು. ಬರೀ ಬೆಸುಗೆ ಚುಕ್ಕೆಗಳ ಮೇಲೆ ನಿಂತ ಹಿಡಿಯಾದರೆ ಚುಕ್ಕೆ ಎಣಿಸಿ. ಎರಡೇ ಇದ್ದರೆ ಒಂದು ಲೀಟರಿನ ಹಾಲಿನ ಪಾತ್ರೆಗೆ ನಡೆದೀತು. ಐದು ಲೀಟರಿನ ಪಾತ್ರೆಯಲ್ಲಿ ನೀರಿನ ತೂಕವೇ ಐದು ಕಿಲೋ, ಅದು ಕುದಿಯುತ್ತಿರುವಾಗ ಹಿಡಿ ಕಿತ್ತು ಬಂದರೆ ಕಾಲು ಸುಡುತ್ತದೆ. ಅಷ್ಟು ದೊಡ್ಡದಕ್ಕೆ ಹಿಡಿ ಇಲ್ಲದ ಬೋಗುಣಿ ಮತ್ತು ಒಂದು ಗಟ್ಟಿ ಇಕ್ಕಳವೇ ಮೇಲು.

ಲೀಟರ್ ಎಷ್ಟೆಂದು ಬರೆದದ್ದನ್ನೂ ಪರೀಕ್ಷಿಸಿ. ಒಳಗಿನ ಅಗಲದ ಅರ್ಧವನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 3.14 ರಿಂದ ಗುಣಿಸಿ, 1000 ದಿಂದ ಭಾಗಿಸಿ. 20 ಸೆಂಟಿಮೀಟರ್ ಅಗಲ, 10 ಎತ್ತರದ ನೆಟ್ಟಗಿನ ಪಾತ್ರೆ 3.14 ಲೀಟರ್ ಹಿಡಿಯುತ್ತದೆ. ಅದು ಅಂಚಿನವರೆಗೆ ತುಂಬಿದಾಗಿನ ಲೆಕ್ಕ. ಕುದಿಸಲು ಸಿಗುವುದು ಮೂರರಲ್ಲಿ ಎರಡು ಪಾಲು.

ಯಾವ ಸ್ಟೀಲು

ಸ್ಟೀಲಿನ ದರ್ಜೆ ಹೇಳುವ ಸಂಖ್ಯೆ 304 ಎಂದು ಅಚ್ಚೊತ್ತಿದ್ದರೆ ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 18/8 ಎಂದು ಬರೆಯುವುದೂ ಇದನ್ನೇ. 201, 202 ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಗ್ಗವಾಗುವುದು ಅದರಿಂದ, ಉಪ್ಪು ಹುಳಿ ತಡೆಯುವ ಶಕ್ತಿ ಕಮ್ಮಿಯಾಗುವುದೂ ಅದರಿಂದ. ತಟ್ಟೆ, ಲೋಟ, ಹಿಟ್ಟಿನ ಡಬ್ಬಿಗೆ 202 ಸಾಕು. ಉಪ್ಪಿನಕಾಯಿ, ಪುಂಡಿಪಲ್ಯ, ಹುಣಸೆ ಸಾರು ಬೀಳುವ ಪಾತ್ರೆ 304 ಇರಲಿ.

ಅಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲು ಎಂಬ ಮಾತು ಎಲ್ಲ ಕಡೆ ಕೇಳುತ್ತೀರಿ. ಅದನ್ನು ನಂಬಬೇಡಿ. 202 ಕ್ಕೂ ಅಯಸ್ಕಾಂತ ಅಂಟುವುದಿಲ್ಲ. 304 ನ್ನು ಒತ್ತಿ ಮಡಚಿದ ಮೂಲೆಯಲ್ಲಿ ಅದು ಸ್ವಲ್ಪ ಎಳೆಯುವುದೂ ಉಂಟು. ಅಯಸ್ಕಾಂತದ ಕೆಲಸ ಇಂಡಕ್ಷನ್ ಒಲೆ ಇದ್ದವರಿಗೆ. ತಳದ ನಡುವಿಗೂ ಅಂಚಿಗೂ ಅದು ಗಟ್ಟಿಯಾಗಿ ಕಚ್ಚಬೇಕು. ನಡುವೆ ಮಾತ್ರ ಕಚ್ಚಿದರೆ ಅಷ್ಟೇ ಜಾಗ ಕಾಯುತ್ತದೆ. ಇನ್ನು ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಇರಲೇಬೇಕೆಂದು ಕೇಂದ್ರ ಸರ್ಕಾರ 2024 ರಲ್ಲಿ ಆದೇಶ ಹೊರಡಿಸಿದೆ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಈ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾರ ಪರವಾನಗಿ, ಯಾವ ಸಾಮಾನಿಗೆ ಎಂಬುದು ತಿಳಿಯುತ್ತದೆ. ಕುಕ್ಕರಿಗೆ ಇದನ್ನು ತಪ್ಪದೆ ಮಾಡಿ. ಕುಕ್ಕರ್ ಕೊಳ್ಳುವಾಗ ಇನ್ನೊಂದು ಮಾತು: ಆ ಕಂಪನಿಯ ರಬ್ಬರ್ ರಿಂಗು, ಸೀಟಿ ಕಲಬುರಗಿಯ ಬಜಾರಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ತೊಗರಿಬೇಳೆ ದಿನಾ ಬೇಯುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ರಿಂಗು.

ಅಲ್ಯುಮಿನಿಯಂ ಹಗುರ, ಬೇಗ ಕಾಯುತ್ತದೆ, ಅಗ್ಗ. ಆದರೆ ಹುಳಿ ಅದನ್ನು ತಿನ್ನುತ್ತದೆ. ಪುಂಡಿಪಲ್ಯ ಬೇಯಿಸಿ ರಾತ್ರಿಯಿಡೀ ಅದರಲ್ಲೇ ಬಿಟ್ಟರೆ ಬೆಳಿಗ್ಗೆ ರುಚಿ ಲೋಹದ್ದಾಗಿರುತ್ತದೆ, ತಳದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿರುತ್ತವೆ. ನೀರು ಕಾಯಿಸಲು, ಶೇಂಗಾ ಹುರಿಯಲು ಇಟ್ಟುಕೊಳ್ಳಿ.

ರೊಟ್ಟಿ ಹಂಚು

ದೊಡ್ಡ ಮಳಿಗೆಯಲ್ಲಿ ನಮ್ಮ ಮನೆಗಳು ಹೆಚ್ಚು ಎಡವುವುದು ಹಂಚಿನಲ್ಲಿ. ಅಲ್ಲಿ ಕಣ್ಣಿಗೆ ಬೀಳುವುದು ನಾನ್‌ಸ್ಟಿಕ್ ತವಾ, ರಿಯಾಯಿತಿ ಇರುವುದೂ ಅದಕ್ಕೇ. ಜೋಳದ ರೊಟ್ಟಿಗೆ ಹಂಚು ಎಣ್ಣೆ ಇಲ್ಲದೆ, ಬರಿದಾಗಿ, ಜೋರು ಉರಿಯಲ್ಲಿ ಕಾಯಬೇಕು. ನಾನ್‌ಸ್ಟಿಕ್ ಲೇಪ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ, ಬರಿದಾದ ತವಾ ಜೋರು ಉರಿಯಲ್ಲಿ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತದೆ. ದೋಸೆ, ಆಮ್ಲೆಟ್‌ಗೆ ಅದು ಇರಲಿ, ರೊಟ್ಟಿಗೆ ಬೇಡ.

ರೊಟ್ಟಿಗೆ ಬೇಕಾದ್ದು ಲೇಪವಿಲ್ಲದ ಕಬ್ಬಿಣ. ಮೂರು ಮಿಲಿಮೀಟರಿಗಿಂತ ತೆಳುವಾದದ್ದು ಬೇಗ ಡೊಂಕಾಗುತ್ತದೆ, ರೊಟ್ಟಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಚೀಟಿಯ ಮೇಲಿನ ಅಳತೆ ಅಂಚಿನಿಂದ ಅಂಚಿಗೆ. 28 ಸೆಂಟಿಮೀಟರ್ ಎಂದಿದ್ದರೂ ಸಮತಟ್ಟಾದ ಭಾಗ 22 ಇರಬಹುದು. ನಿಮ್ಮ ರೊಟ್ಟಿಯ ಅಗಲವನ್ನು ಆ ಸಮತಟ್ಟಿಗೇ ಹೋಲಿಸಿ. ಮಳಿಗೆಯಲ್ಲಿ ಸರಿಯಾದ್ದು ಸಿಗದಿದ್ದರೆ ಸುಮ್ಮನೆ ಬನ್ನಿ. ಸಂತೆ, ಜಾತ್ರೆಯ ಕಬ್ಬಿಣದ ಅಂಗಡಿಯ ಹಂಚು ಈ ಕೆಲಸಕ್ಕೆಂದೇ ಮಾಡಿದ್ದು.

ಹೊಸ ಕಬ್ಬಿಣಕ್ಕೆ ತುಕ್ಕು ತಡೆಯಲು ಎಣ್ಣೆಯನ್ನೋ ಮೇಣವನ್ನೋ ಬಳಿದಿರುತ್ತಾರೆ. ಬಿಸಿನೀರು, ಸೋಪು, ನಾರು ಹಾಕಿ ಉಜ್ಜಿ ತೆಗೆಯಿರಿ. ಉರಿಯ ಮೇಲಿಟ್ಟು ಪೂರ್ತಿ ಒಣಗಿಸಿ. ಅರ್ಧ ಚಮಚೆ ಕುಸುಬಿ ಎಣ್ಣೆ ಬಟ್ಟೆಗೆ ಹಾಕಿ ಎರಡೂ ಬದಿಗೆ ಹಚ್ಚಿ, ಆಮೇಲೆ ಎಣ್ಣೆ ಹಚ್ಚಿದ್ದೇ ಇಲ್ಲವೇನೋ ಅನ್ನುವಷ್ಟು ಒಣ ಬಟ್ಟೆಯಿಂದ ಒರೆಸಿ. ಕಿಟಕಿ ತೆರೆದು, ಹೊಗೆ ಬಂದು ನಿಲ್ಲುವ ತನಕ ಕಾಯಿಸಿ, ಆರಲು ಬಿಡಿ. ಹೀಗೆ ಮೂರು ನಾಲ್ಕು ಸಲ. ಕುಸುಬಿ ಎಣ್ಣೆ ಕಾದಾಗ ಒಣಗಿ ಗಟ್ಟಿ ಪದರವಾಗುವ ಜಾತಿಯದು, ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಹಂಚು ಜಿಗುಟಾಯಿತೆಂದರೆ ಎಣ್ಣೆ ಹೆಚ್ಚಾಗಿದೆ ಎಂದರ್ಥ. ಉಜ್ಜಿ ತೆಗೆದು ಮೊದಲಿನಿಂದ ಮಾಡಿ.

ಉಳಿದವು

ಗಾಜಿನ ಬರಣಿ ಅಗ್ಗದ ಕಪಾಟಿನಲ್ಲಿ ನಿಜಕ್ಕೂ ಲಾಭದ್ದು. ಶೇಂಗಾ ಹಿಂಡಿ, ಅಗಸಿ ಹಿಂಡಿಗೆ ಒಂದೇ ಅಳತೆಯ ಆರು ತನ್ನಿ, ಒಂದು ಮುಚ್ಚಳ ಕೆಟ್ಟರೆ ಇನ್ನೊಂದು ಕೂಡುತ್ತದೆ. ಸಾದಾ ಗಾಜಿಗೆ ಕುದಿಯುವುದನ್ನು ಸುರಿದರೆ ಒಡೆಯುತ್ತದೆ; ಬಿಸಿಗೆ ಬೊರೊಸಿಲಿಕೇಟ್ ಎಂದು ಬರೆದದ್ದೇ ಬೇಕು. ಪ್ಲಾಸ್ಟಿಕ್ ಡಬ್ಬಿಯಾದರೆ ತಳದ ತ್ರಿಕೋನದಲ್ಲಿ 5 ಇರುವುದು, ಲೋಟ-ಫೋರ್ಕಿನ ಚಿತ್ರ ಇರುವುದು ಆರಿಸಿ. ಮೆಲಮೈನ್ ತಟ್ಟೆಗೆ ಬಿಸಿ ಎಣ್ಣೆ ಬೇಡ, ಮೈಕ್ರೊವೇವ್ ಅಂತೂ ಬೇಡ. ಮರದ ಸೌಟು ಒಂದೇ ತುಂಡಿನದಿರಲಿ. ಹಿಟ್ಟಿನ ಜರಡಿಯಲ್ಲಿ ಜಾಲರಿ ಪಟ್ಟಿಯೊಳಗೆ ಸುತ್ತಲೂ ಕಚ್ಚಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ.

ಬೀದರಿನವರಿಗೆ ಹೈದರಾಬಾದ್ ಹತ್ತಿರ. 2018 ರ ಆಗಸ್ಟಿನಲ್ಲಿ ಐಕಿಯಾ ಎಂಬ ಮನೆಸಾಮಾನಿನ ಕಂಪನಿ ದೇಶದ ತನ್ನ ಮೊದಲ ಮಳಿಗೆ ತೆರೆದದ್ದು ಅಲ್ಲೇ. ಅಂಥ ಮಳಿಗೆಗಳಲ್ಲಿ ಮೊದಲು ಪೀಠೋಪಕರಣ, ಆಮೇಲೆ ಅಡುಗೆ ಸಾಮಾನು; ಶಕ್ತಿ ಇರುವಾಗಲೇ ಅಡ್ಡದಾರಿಯಿಂದ ನೇರ ಅಡುಗೆ ವಿಭಾಗಕ್ಕೆ ಹೋಗಿ. ಮರಳಿಸಿದ, ಪೆಟ್ಟಿಗೆ ಹರಿದ ಸಾಮಾನಿನ ಮೂಲೆ ಇದ್ದರೆ ಅದನ್ನೂ ನೋಡಿ. ಒಂದೆರಡು ಸೌಟಿಗಾಗಿ ಅಷ್ಟು ದೂರದ ಬಸ್ ಚಾರ್ಜು ಕೊಡುವುದು ದಂಡ. ಐದಾರು ಮನೆಯ ಪಟ್ಟಿ ಸೇರಿದಾಗ ಹೋಗಿ. ಬಸ್ಸಿನಲ್ಲಿ ಗಾಜು ತರುವಾಗ ಸ್ಟೀಲ್ ಬೋಗುಣಿಯೊಳಗೆ ಟವೆಲ್ ಸುತ್ತಿ ಇಡಿ.

ಮನೆಗೆ ಬಂದ ದಿನವೇ, ಚೀಟಿ ಕೀಳದೆ, ಬಿಲ್ಲು ಎತ್ತಿಟ್ಟು, ಒಂದು ಪರೀಕ್ಷೆ ಮಾಡಿ. ಬಿಳಿ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಹೊಸ ಸ್ಟೀಲ್ ಪಾತ್ರೆಯ ಒಳಗೆ ಒರೆಸಿದರೆ ಕಪ್ಪು ಬರುತ್ತದೆ, ಅದು ಪಾಲಿಶ್ ಮಾಡಿದ ಪುಡಿ. ಕಪ್ಪು ನಿಲ್ಲುವ ತನಕ ಒರೆಸಿ, ಬಿಸಿನೀರು ಸೋಪಿನಿಂದ ತೊಳೆಯಿರಿ. ತಳದ ಹೊರಗೆ ಚೀಟಿ ಅಂಟಿಸಿದ್ದರೆ ಅದನ್ನು ಮಾತ್ರ ಬಿಸಿನೀರು ತುಂಬಿಸಿಟ್ಟು ಸುಲಿದು, ಬಿಲ್ಲಿಗೆ ಅಂಟಿಸಿಡಿ. ಮೂರರಲ್ಲಿ ಎರಡು ಪಾಲು ನೀರು ಹಾಕಿ ಹತ್ತು ನಿಮಿಷ ಕುದಿಸಿ, ಉರಿ ಆರಿಸಿ ಪೂರ್ತಿ ಆರಲು ಬಿಟ್ಟು, ನೀರು ಚೆಲ್ಲಿ ಸಮತಟ್ಟಾದ ಕಲ್ಲಿನ ಮೇಲೆ ಇಟ್ಟು ಅಂಚಿಗೆ ಬೆರಳು ಒತ್ತಿ. ಒಳಗೆ ಬಿಳಿ ಕಲೆ ಕಂಡರೆ ನಮ್ಮ ಗಡಸು ನೀರಿನ ಸುಣ್ಣ, ನಿಂಬೆಹೋಳು ಉಜ್ಜಿದರೆ ಹೋಗುತ್ತದೆ. ಕಂದು ಚುಕ್ಕೆ ಉಳಿದರೆ, ಅಥವಾ ಪಾತ್ರೆ ಕಲ್ಲಿನ ಮೇಲೆ ತೂಗಾಡಿದರೆ, ಬದಲಾಯಿಸುವ ಅವಧಿ ಮುಗಿಯುವ ಮುಂಚೆ ಬಿಲ್ಲು ಸಮೇತ ವಾಪಸ್ ಕೊಡಿ.