ಡಿ ಡ್ರೈವ್ ಕಳೆದುಕೊಳ್ಳದೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ

ವಿಂಡೋಸ್ 10ಕ್ಕಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಇದರಿಂದಾಗಿ ಮೂಲೆ ಸೇರಿವೆ. ಅಂಥದಕ್ಕೆ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶ ಲಿನಕ್ಸ್ ಮಿಂಟ್ ಹಾಕಿ. ಮಿಂಟ್‌ನಲ್ಲೂ ಸಿನಮನ್ ಆವೃತ್ತಿಯನ್ನೇ ತಗೊಳ್ಳಿ. ರ‍್ಯಾಮ್ 4 ಜಿಬಿಯಷ್ಟೇ ಇದ್ದರೆ ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ. ಬೇರೆ ಲಿನಕ್ಸ್‌ಗಳೂ ಬೇಕಾದಷ್ಟಿವೆ, ಸದ್ಯಕ್ಕೆ ಅವುಗಳ ತಂಟೆಗೆ ಹೋಗಬೇಡಿ. ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ನಿಧಾನದ ಡಿಸ್ಕ್ ಲಿನಕ್ಸ್‌ನಲ್ಲೂ ನಿಧಾನವೇ.

ಟ್ಯಾಲಿ, ಫೋಟೋಶಾಪ್ ನಂಬಿಕೊಂಡವರು ವಿಂಡೋಸ್ ತೆಗೆಯಲೇಬೇಡಿ. ಎರಡನ್ನೂ ಇಟ್ಟುಕೊಳ್ಳಿ. ಉಳಿದವರಿಗೂ ಮೊದಲ ಕೆಲವು ತಿಂಗಳು ಎರಡೂ ಇರುವುದೇ ಒಳ್ಳೆಯದು.

ಪೆನ್‌ಡ್ರೈವ್

ಮಿಂಟ್‌ನ ಸ್ವಂತ ತಾಣದಿಂದಲೇ ಐಎಸ್ಒ ಫೈಲ್ (ಇಡೀ ಮಿಂಟ್ ಇರುವ ಒಂದೇ ಕಡತ) ಇಳಿಸಿಕೊಳ್ಳಿ. 8 ಜಿಬಿ ಪೆನ್‌ಡ್ರೈವ್‌ಗೆ ರುಫಸ್ ಎಂಬ ಉಚಿತ ತಂತ್ರಾಂಶದಿಂದ ಬರೆಯಿರಿ. ರುಫಸ್ ಕೇಳುವ ಪ್ರಶ್ನೆಗಳಿಗೆ ಅದೇ ಸೂಚಿಸುವ ಉತ್ತರ ಸಾಕು. ಪೆನ್‌ಡ್ರೈವ್‌ನಲ್ಲಿ ಏನಿದ್ದರೂ ಅಳಿಸಿಹೋಗುತ್ತದೆ, ನೆನಪಿರಲಿ. ಫುಟ್‌ಪಾತ್‌ನಲ್ಲಿ ಸಿಗುವ 'ಒಂದು ಟಿಬಿ' ಪೆನ್‌ಡ್ರೈವ್ ಬೇಡವೇ ಬೇಡ. ಒಳಗೆ ಅಷ್ಟು ಜಾಗ ಇರುವುದಿಲ್ಲ.

ರುಫಸ್‌ನಲ್ಲಿ ಫೈಲ್ ಆರಿಸುವ ಗುಂಡಿಯ ಪಕ್ಕ ಒಂದು ಟಿಕ್ ಗುರುತಿದೆ. ಅದನ್ನು ಒತ್ತಿ, ಬರುವ ಎಸ್‌ಎಚ್‌ಎ-256 ಸಂಖ್ಯೆ (ಫೈಲ್‌ನ ಬೆರಳಚ್ಚು ಇದ್ದಂತೆ) ತಾಣದಲ್ಲಿರುವ ಸಂಖ್ಯೆಗೆ ಹೊಂದುತ್ತದೆಯಾ ನೋಡಿ. ಸುಮ್ನೆ ಹೇಳುತ್ತಿಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ಕನ್ನ ಹಾಕಿ, ಕಳ್ಳಬಾಗಿಲಿದ್ದ ಐಎಸ್ಒ ಕಡೆಗೆ ಜನರನ್ನು ತಿರುಗಿಸಿದ್ದರು.

ಎಲ್ಲರೂ ಎಡವುವ ಜಾಗ

'ಫೋಟೋ ಎಲ್ಲ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ' ಅನ್ನುವವರನ್ನು ನಾನು ತುಂಬಾ ನೋಡಿದ್ದೇನೆ. ಅಂಗಡಿಯವರು ಒಂದೇ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿ ಕೊಟ್ಟಿರುತ್ತಾರೆ. ವಿಂಡೋಸ್ ಮತ್ತೆ ಹಾಕುವಾಗ ಸಿ ಮಾತ್ರ ಅಳಿಸುತ್ತಿದ್ದರು, ಡಿ ಉಳಿಯುತ್ತಿತ್ತು. ಮಿಂಟ್‌ನಲ್ಲಿ 'ಇರೇಸ್ ಡಿಸ್ಕ್' ಎಂದರೆ ಇಡೀ ಡಿಸ್ಕ್. ಸಿ ಹೋಗುತ್ತದೆ, ಡಿ ಕೂಡ ಹೋಗುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ಡಿ ಡ್ರೈವ್‌ಗೆ ನಕಲು ಮಾಡಿದ್ದು ಬ್ಯಾಕಪ್ ಅಲ್ಲ.

ಆಮೇಲೆ ವಿಂಡೋಸ್‌ನಲ್ಲೇ ಮೂರು ಕೆಲಸ ಇದೆ.

ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ನೀವು ಹಾಕಿರದಿದ್ದರೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿ ಆನ್ ಆಗಿರುತ್ತದೆ. ಆ ಬೀಗ ತೆಗೆಯುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಆಫ್ ಮಾಡಿ. ಡಿಸ್ಕ್ ದೊಡ್ಡದಿದ್ದರೆ ಹೊತ್ತು ಹಿಡಿಯುತ್ತದೆ, ಮುಗಿಯುವವರೆಗೆ ಕಾಯಿರಿ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ವಿಂಡೋಸ್ ಪೂರ್ತಿ ಆಫ್ ಆಗುವುದೇ ಇಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಮಿಂಟ್‌ನಿಂದ ಸಿ ಡ್ರೈವ್‌ನ ಫೈಲ್ ಓದಬಹುದೇ ಹೊರತು ಬರೆಯಲಾಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ಗೆ ಹೋಗಿ ಟಿಕ್ ತೆಗೆಯಿರಿ.

ಮೂರನೆಯದು ಜಾಗ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಮೇಲೆ ಬಲ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್ ಒತ್ತಿ. ಅಲ್ಲಿ ಲೆಕ್ಕ ಎಂಬಿಯಲ್ಲಿ. 60 ಜಿಬಿ ಬೇಕಿದ್ದರೆ 61440 ಎಂದು ಬರೆಯಿರಿ. ಬಿಡುವಾದ ಜಾಗಕ್ಕೆ ಹೊಸ ಡ್ರೈವ್ ಅಕ್ಷರ ಕೊಡಬೇಡಿ, ಹಾಗೇ ಖಾಲಿ ಬಿಡಿ. ಇದನ್ನೆಲ್ಲ ಒಂದೇ ಕ್ಲಿಕ್‌ನಲ್ಲಿ ಮಾಡುತ್ತೇವೆ ಎನ್ನುವ ಪಾರ್ಟಿಶನ್ ತಂತ್ರಾಂಶಗಳು ಸಿಗುತ್ತವೆ. ಕೆಲಸದ ಮಧ್ಯೆ ದುಡ್ಡು ಕೇಳುವಂಥವೇ ಜಾಸ್ತಿ.

ಹಾಕುವುದು

ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪ್ ಆನ್ ಮಾಡುವಾಗಲೇ ಬೂಟ್ ಕೀ ಒತ್ತುತ್ತಿರಿ. ಸಾಮಾನ್ಯವಾಗಿ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ವೈಫೈ, ಸೌಂಡ್, ಕ್ಯಾಮೆರಾ ನೋಡಿಕೊಳ್ಳಿ. ವೈಫೈ ಬರದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ. ಡ್ರೈವರ್ ಮ್ಯಾನೇಜರ್ ಬೇಕಾದ್ದನ್ನು ಆಮೇಲೆ ಹುಡುಕಿಕೊಳ್ಳುತ್ತದೆ.

ಈಗ ಇನ್‌ಸ್ಟಾಲ್ ಒತ್ತಿ. 'ವಿಂಡೋಸ್ ಜೊತೆಗೆ ಹಾಕು' ಎಂಬ ಅರ್ಥದ 'ಅಲಾಂಗ್‌ಸೈಡ್' ಆಯ್ಕೆ ಬಂದರೆ ಅದನ್ನೇ ಆರಿಸಿ. ಅದು ಕಾಣದಿದ್ದರೆ ಬೇಸರಕ್ಕೆ 'ಇರೇಸ್' ಒತ್ತಿಬಿಡಬೇಡಿ. ಕ್ವಿಟ್ ಒತ್ತಿ ಹೊರಗೆ ಬನ್ನಿ. ಬಿಟ್‌ಲಾಕರ್ ಇನ್ನೂ ಆನ್ ಇರಬಹುದು. ಇಲ್ಲವೇ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ನಲ್ಲಿ) ಡಿಸ್ಕ್ ಇಂಟೆಲ್ ಆರ್‌ಎಸ್‌ಟಿ ಮೋಡ್‌ನಲ್ಲಿರಬಹುದು. ಆ ಮೋಡ್ ಅನ್ನು ಧಿಡೀರ್ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ.

ಕೊನೆಗೆ ಡಿಸ್ಕ್‌ಗೆ ಬರೆಯಲಾ ಎಂದು ಒಂದು ಕಿಟಕಿ ಕೇಳುತ್ತದೆ. ಯಾವ ಭಾಗ ಫಾರ್ಮ್ಯಾಟ್ ಆಗುತ್ತದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಓದಿ. ಗೊತ್ತಾಗದಿದ್ದರೆ ಫೋಟೋ ತೆಗೆದು ಗೊತ್ತಿರುವವರಿಗೆ ಕಳಿಸಿ, ಅವಸರವೇನೂ ಇಲ್ಲವಲ್ಲ. ಕಂಟಿನ್ಯೂ ಒತ್ತಿದ ಮೇಲೆ ಹಿಂದೆ ಬರುವ ದಾರಿಯಿಲ್ಲ. ಉಳಿದದ್ದು ಹೆಸರು, ಪಾಸ್‌ವರ್ಡ್, ಕೋಲ್ಕತ್ತಾ ಸಮಯ (ಭಾರತದ ಸಮಯಕ್ಕೆ ಅಲ್ಲಿರುವ ಹೆಸರು), ಅಷ್ಟೇ.

ಹಾಕಿದ ಮೇಲೆ

ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತಗೊಳ್ಳಿ. ನಾಳೆ ಏನಾದರೂ ಕೆಟ್ಟರೆ ಇವತ್ತಿನ ಸ್ಥಿತಿಗೆ ಮರಳಬಹುದು. ಕನ್ನಡ ಟೈಪ್ ಮಾಡಲು ಐಬಸ್ ಎಂಬ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕೆಜಿಪಿ ಎಂಬ ಕೀಲಿಮಣೆ ಆರಿಸಿ. ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಕೀಲಿಮಣೆ. ಆದರೆ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿರುವ ಕಡತಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಲಿಬ್ರೆಆಫೀಸ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಮಿಂಟ್‌ನಿಂದ ವಿಂಡೋಸ್‌ಗೆ ಹೋದಾಗ ಕೆಲವು ಯಂತ್ರಗಳಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಬ್ಯಾಟರಿ ಹೋಯಿತು ಎಂದು ಅಂಗಡಿಗೆ ಓಡಬೇಡಿ. ಲಿನಕ್ಸ್ ಒಳಗಿನ ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ 'ಸಿಂಕ್ ನೌ' ಒತ್ತಿದರೆ ಸರಿಹೋಗುತ್ತದೆ.