ಜಗಲಿಗೆ ದಬ್ಬೆ ಗೇಟು, ಪುಟ್ಟಿಗೆ ಏಣಿ

ನಮ್ಮ ಜಗಲಿಯ ದಬ್ಬೆ ಗೇಟು, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಗಳ ಗೇಟು, ಈ ಮಳೆಗಾಲ ಮುಗಿಯುವವರೆಗೂ ತಡೆದುಕೊಂಡಿತು. ನಮ್ಮ ಮಗು ಪುಟ್ಟಿ ಒಂದು ಸಲವೂ ಅದನ್ನು ಹತ್ತಿ ಆಚೆ ಹೋಗಿಲ್ಲ. "ಅಡಿಕೆ ದಬ್ಬೆ ಬೇಲಿಗೆ ಆಯ್ತು, ಗೇಟಿಗೆಲ್ಲ ಆಗಲ್ಲ" ಅಂದವರೇ ಈಗ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೇ ಬರೆದುಬಿಡೋಣ ಅನಿಸಿತು.

ತೀರ್ಥಹಳ್ಳಿ ಕಡೆಯ ಹಳೇ ಮನೆ ನಮ್ಮದು. ಜಗಲಿ, ಅಂಗಳಕ್ಕೆ ಮೂರು ಕಲ್ಲಿನ ಮೆಟ್ಟಿಲು, ಹಿಂದೆ ಬಾವಿ, ಪಕ್ಕದಲ್ಲಿ ಕೊಟ್ಟಿಗೆ, ಬಚ್ಚಲಲ್ಲಿ ಹಂಡೆ, ಒಲೆ. ಒಂದೂವರೆ ವರ್ಷದ ಮಗು ಇರುವವರಿಗೆ ಇಷ್ಟು ಹೇಳಿದರೆ ಸಾಕು, ಅಲ್ವಾ? ಬಾವಿ ವಿಷಯದಲ್ಲಿ ಮಾತ್ರ ಯಾವ ಗೇಟನ್ನೂ ನಂಬಲಿಲ್ಲ. ಮೊದಲೇ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದೆವು. ಅದಕ್ಕೆ ದುಡ್ಡಿನ ಲೆಕ್ಕ ನೋಡಲಿಲ್ಲ.

ಜಗಲಿಗೆ ಮೊದಲು ಆನ್‌ಲೈನಲ್ಲಿ ಗೇಟು ತರಿಸಿದೆವು. ಸುಮಾರು 2,800 ರೂಪಾಯಿ. ಎರಡೂ ಕಡೆ ಸ್ಕ್ರೂ ತಿರುಗಿಸಿ ಗೋಡೆಗೆ ಒತ್ತಿ ನಿಲ್ಲಿಸುವಂಥದ್ದು. ಪೇಟೆಯ ಮನೆಗಳಿಗೆ ಸರಿಯಾಗುತ್ತದೋ ಏನೋ. ನಮ್ಮಲ್ಲಿ ಒಂದು ಕಡೆ ಮಣ್ಣಿನ ಗೋಡೆ, ಇನ್ನೊಂದು ಕಡೆ ಉರುಟು ಕಂಬ. ಬಿಗಿ ಮಾಡಿದರೆ ಗೋಡೆ ಉದುರುತ್ತದೆ, ಸಡಿಲ ಬಿಟ್ಟರೆ ಗೇಟು ಪುಟ್ಟಿ ಸಮೇತ ಅಂಗಳಕ್ಕೆ. ಕಂಬದ ಮೇಲೆ ಕಲೆ ಬಿತ್ತು ಅಂತ ಮಾವ ಒಂದೆರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗ ಅದು ಕೊಟ್ಟಿಗೆಯಲ್ಲಿ ಕರುವಿಗೆ ಅಡ್ಡ ಇದೆ. ಕರು ಪಾಪದ್ದು, ಹತ್ತುವುದಿಲ್ಲ.

ಆಮೇಲೆ ಪ್ಲೈವುಡ್. ಶಿವಮೊಗ್ಗದಿಂದ ತಂದ ಖರ್ಚೂ ಸೇರಿ 1,500ರ ಹತ್ತಿರ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಆರಿದ್ರಾ ಮಳೆ ಹಿಡಿದಿದ್ದೇ ಎರಚಲು ಕುಡಿದು ಉಬ್ಬಿತು, ಪದರ ಬಿಟ್ಟಿತು. ಪದರ ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಪುಟ್ಟಿಗೆ ಹೊಸ ಕೆಲಸವಾಯಿತು. ಮರಗೆಲಸದ ಆಚಾರ್ರನ್ನು ಕೇಳಿದರೆ ಹಲಸಿನ ಹಲಗೆಯಲ್ಲಿ ಎಂಟೊಂಬತ್ತು ಸಾವಿರ ಅಂದರು. ಹೆಚ್ಚೆಂದರೆ ಎರಡು ವರ್ಷ ಬೇಕಾಗುವ ವಸ್ತುವಿಗೆ!

ಈ ನಡುವೆ ಗೆಜ್ಜೆಯ ಪ್ರಯೋಗವೂ ನಡೆಯಿತು. ಎಲ್ಲಿದ್ದಾಳೆ ಅಂತ ಗೊತ್ತಾಗಲಿ ಅಂತ ಅಜ್ಜಿ ಕಾಲದ ಗೆಜ್ಜೆ ಕಟ್ಟಿದೆವು. ಬೇಸಿಗೆಗೆ ಒಳ್ಳೇ ಉಪಾಯ. ನಮ್ಮದು ಆಗುಂಬೆಯಲ್ಲ, ಅಲ್ಲಿ ವರ್ಷದ ಮಳೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಆದರೂ ಆಷಾಢದಲ್ಲಿ ಬಚ್ಚಲಿನ ತಗಡಿನ ಮೇಲೆ ಮಳೆ ಬಡಿಯುವಾಗ ಗೆಜ್ಜೆಯಿರಲಿ, ಕೂಗಿದರೂ ಕೇಳುವುದಿಲ್ಲ. ಸಾಲದ್ದಕ್ಕೆ ಒಂದು ದಿನ ಗೆಜ್ಜೆಯ ಗುಂಡು ಅವಳ ಬೆರಳ ತುದಿಯಲ್ಲಿತ್ತು. ಅಲ್ಲಿಗೆ ಅದು ಪೆಟ್ಟಿಗೆ ಸೇರಿತು.

ದಬ್ಬೆ ನನ್ನದೇ ಯೋಚನೆ. ತೋಟದಲ್ಲಿ ಗಾಳಿಗೆ ಬಿದ್ದ ಹಳೇ ಮರ ಇತ್ತು. ಆಳಿನವರ ಹತ್ತಿರ ಸೀಳಿಸಿ ತಿರುಳು ತೆಗೆಸಿದೆ. ಮಾವ ಮಾತ್ರ ಹಟ ಹಿಡಿದು ಬೇಲಿಯ ದಾರಿಗೆ ಅಡ್ಡ ಹಾಕುವ ಉಣುಗೋಲಿನ ಹಾಗೆ ಅಡ್ಡ ಅಡ್ಡ ಬಡಿದರು. ಅವರು ಸುತ್ತಿಗೆ ಕೆಳಗಿಡುವುದರೊಳಗೆ ಪುಟ್ಟಿ ಮೇಲಿನ ದಬ್ಬೆಯ ಮೇಲೆ ಕೂತಿದ್ದಳು. ಎಲ್ಲ ಕಿತ್ತು ಉದ್ದಕ್ಕೆ ಬಡಿಸಿದೆ. ಸಂದು ಮೂರು ಬೆರಳಿಗಿಂತ ಜಾಸ್ತಿ ಬೇಡ, ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಎತ್ತರ ನನ್ನ ಸೊಂಟದಷ್ಟು. ಅಡ್ಡಪಟ್ಟಿ ಮೇಲೊಂದು ಕೆಳಗೊಂದು, ಎರಡೂ ಅಂಗಳದ ಕಡೆಗೆ. ಒಳಗಿನಿಂದ ಕಾಲಿಡಲು ಏನೂ ಸಿಗಬಾರದು.

ದಬ್ಬೆಯ ಸಿಬಿರು ನಿಮಗೆ ಗೊತ್ತೇ ಇದೆ. ಕತ್ತಿಯಲ್ಲಿ ಹೆರೆದು, ಮರಳು ಕಾಗದದಲ್ಲಿ ಉಜ್ಜಲು ಗೇಟು ಮಾಡುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಹುಳ ಹಿಡಿಯದ ಹಾಗೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಬಳಿಯಿರಿ ಅಂದರು ಒಬ್ಬರು. ಗೇರೆಣ್ಣೆ ತಾಗಿದರೆ ದೊಡ್ಡವರ ಚರ್ಮವೇ ಸುಟ್ಟು ಬೊಕ್ಕೆ ಏಳುತ್ತದೆ, ಇವಳು ಗೇಟು ನೆಕ್ಕುವವಳು! ಕೊಬ್ಬರಿ ಎಣ್ಣೆ ಸವರಿದೆ. ಸ್ವಲ್ಪ ಬೂಷ್ಟು ಬಂತು, ಒರೆಸಿದರೆ ಹೋಗುತ್ತದೆ.

ಕಂಬಕ್ಕೆ ಮೊಳೆ ಹೊಡೆದಿಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮೂರು ಕಡೆ ಸುತ್ತಿ ಕಟ್ಟಿದ್ದೇನೆ. ಗೇಟು ಅದರಲ್ಲೇ ತಿರುಗುತ್ತದೆ, ಕಂಬಕ್ಕೂ ಗಾಯವಿಲ್ಲ. ಗೋಡೆ ಕಡೆ ಅಗುಳಿ ಹೇಗೆ ಕೂರಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮನೆಗೆ ಬನ್ನಿ, ತೋರಿಸುತ್ತೇನೆ. ಕೂಲಿ, ಮೊಳೆ ಎಲ್ಲ ಸೇರಿ 700 ದಾಟಿಲ್ಲ.

ಆದರೆ ಬರೀ ಗೇಟಿನಿಂದ ಇದು ಆಗುತ್ತಿರಲಿಲ್ಲ. ಹತ್ತುವ ಮಗು ಎಲ್ಲಾದರೂ ಹತ್ತಲೇಬೇಕು. ಉಳಿದ ದಬ್ಬೆಯಲ್ಲಿ ನಾಲ್ಕು ಮೆಟ್ಟಿಲಿನ ಗಿಡ್ಡ ಏಣಿ ಮಾಡಿ, ಜಗಲಿಯ ಒಳಗೇ ಮಂಚಕ್ಕೆ ಒರಗಿಸಿ ಬಿಗಿಯಾಗಿ ಕಟ್ಟಿದೆ.

"ಹತ್ತಕ್ಕೆ ಕಲಿಸಿ ಅಟ್ಟಕ್ಕೆ ಕಳಿಸ್ತೀಯಾ ಮಾರಾಯ್ತಿ?" ಅಂದರು ಅತ್ತೆ.

"ಹತ್ತಕ್ಕೆ ಅವಳಿಗೇ ಬರುತ್ತೆ ಅತ್ತೆ. ನಾನು ಕಲಿಸ್ತಿರೋದು ಇಳಿಯಕ್ಕೆ" ಅಂದೆ.

ಇಳಿಯುವ ಪಾಠಕ್ಕೇ ಹೆಚ್ಚು ದಿನ ಹಿಡಿದದ್ದು. ಮಂಚದ ಅಂಚಿಗೆ ಬಂದ ಕೂಡಲೇ ಸೊಂಟ ಹಿಡಿದು ತಿರುಗಿಸಿ, "ಬೆನ್ನು ಆಚೆ, ಹೊಟ್ಟೆ ಕೆಳಗೆ" ಅನ್ನುತ್ತಿದ್ದೆ. ಮೊದಮೊದಲು ಕಿರುಚಾಟ. ಆಮೇಲೆ ಒಂದು ಸಂಜೆ ಹೊಸಿಲ ಹತ್ತಿರ ಹೋದವಳು ತಾನೇ ನಿಂತಳು. ತಿರುಗಿದಳು. ಹೊಸಿಲ ಮೇಲೆ ಹೊಟ್ಟೆ ಹಾಕಿ, ಒಂದು ಕಾಲು ಇಳಿಬಿಟ್ಟು, ಹೆಬ್ಬೆರಳಿನಲ್ಲಿ ನೆಲ ಹುಡುಕಿದಳು. ಸಿಕ್ಕಿದ ಮೇಲೇ ಇನ್ನೊಂದು ಕಾಲು. ಅತ್ತೆ ಹೂಬತ್ತಿ ಮಾಡುವುದು ಬಿಟ್ಟು ನೋಡಿದರು. ಏನೂ ಹೇಳಲಿಲ್ಲ, ಮಾರನೇ ದಿನದಿಂದ "ಬೆನ್ನು ಆಚೆ" ಅನ್ನುವುದು ಅವರ ಮಾತೂ ಆಯಿತು. ಏಣಿ ಬಂದ ಮೇಲೆ ಅವಳು ಗೇಟಿನ ತಂಟೆಗೆ ಹೋಗುವುದೇ ಕಮ್ಮಿ.

ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದನ್ನೂ ಮಾಡಿ ನೋಡಿದೆ. ಸುಸ್ತಾಗಿ ಮಲಗುತ್ತಾಳೆ ಅನ್ನುವ ಲೆಕ್ಕ. ಸುಸ್ತಾದದ್ದು ಎಳೆದವರು.

ಪಕ್ಕದ ಮನೆಗೆ ಬೆಂಗಳೂರಿನ ಮೊಮ್ಮಗ ಬರುತ್ತಾನಂತೆ, ಅವರಿಗೊಂದು ಗೇಟು ಬೇಕಂತೆ. 1,200 ಹೇಳಿದ್ದೇನೆ, ಟ್ಯೂಬ್ ಅವರದೇ. ನಮ್ಮದನ್ನು ಮುಂದಿನ ತಿಂಗಳು ಬಿಚ್ಚಿ ಹಿತ್ತಿಲ ಬಾಗಿಲಿಗೆ ಕಟ್ಟಬೇಕು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದರೆ ಅಡಿಕೆ ಬೇಯಿಸುವ ಒಲೆ ಅಲ್ಲೇ. ಜಗಲಿ ತುಂಬ ಸುಲಿಯುವವರು, ಎಲ್ಲರ ಮುಂದೂ ಮೆಟ್ಟುಕತ್ತಿ. ಆ ತಿಂಗಳು ಏಣಿಯೂ ಒಳಮನೆಗೆ.