ಬಿಸಿ ಫರ್ನೇಸ್ ಆಯಿಲ್ ಟ್ಯಾಂಕಿಗೆ ಪಕ್ಕದಿಂದ ಕೂರಿಸುವ ಅಜಿಟೇಟರ್: ಅಳತೆ ಹಿಡಿಯುವ ಬಗೆ

ಶಿವಮೊಗ್ಗ, ಭದ್ರಾವತಿ ಕಡೆಯ ಫೋರ್ಜಿಂಗ್ ಮತ್ತು ಹೀಟ್ ಟ್ರೀಟ್‌ಮೆಂಟ್ ಘಟಕಗಳಿಂದ ನನಗೆ ಬರುವ ಎನ್‌ಕ್ವೈರಿಗಳು ಸಾಮಾನ್ಯವಾಗಿ ಎಚ್‌ಪಿಯಿಂದಲೇ ಆರಂಭವಾಗುತ್ತವೆ. ಟ್ಯಾಂಕ್ ಇಷ್ಟು ಕಿಲೋಲೀಟರ್, 5 ಎಚ್‌ಪಿ ಅಜಿಟೇಟರ್ ಸಾಕೇ ಎಂದು ಕೇಳುತ್ತಾರೆ. ಕುಲುಮೆಗೆ ಉರುವಲಾದ ಫರ್ನೇಸ್ ಆಯಿಲನ್ನು ಟ್ಯಾಂಕಿನೊಳಗೆ ಕಲಕಲು ಗೋಡೆಯ ಪಕ್ಕದಿಂದ ಕೂರಿಸುವ, ಮೋಟಾರಿನಿಂದ ತಿರುಗುವ ಪ್ರೊಪೆಲ್ಲರೇ ಈ ಅಜಿಟೇಟರ್. ಆದರೆ ಎಚ್‌ಪಿ ಈ ಲೆಕ್ಕದ ಕೊನೆಯ ಸಾಲು. ಅಜಿಟೇಟರ್ ಏನು ಮಾಡಬೇಕು, ಎಣ್ಣೆ ಅತಿ ಗಟ್ಟಿಯಾಗಿರುವ ಹೊತ್ತಿನಲ್ಲಿ ಅದು ಹೇಗೆ ತಿರುಗಬೇಕು ಎಂಬುದು ಮೊದಲು ಗೊತ್ತಾಗಬೇಕು.

ಉದಾಹರಣೆಗೆ 6 ಮೀಟರ್ ವ್ಯಾಸದ, 6 ಮೀಟರ್ ಎತ್ತರದವರೆಗೆ ತುಂಬುವ ಟ್ಯಾಂಕನ್ನು ತೆಗೆದುಕೊಳ್ಳೋಣ. ಅದರಲ್ಲಿ ಹಿಡಿಯುವುದು ಸುಮಾರು 170 ಘನ ಮೀಟರ್; ಸಾಂದ್ರತೆಯನ್ನು ಘನ ಮೀಟರಿಗೆ 950 ಕೆಜಿ ಎಂದಿಟ್ಟುಕೊಂಡರೆ ಸುಮಾರು 160 ಟನ್ ಎಣ್ಣೆ. ತಳದ ಸ್ಟೀಮ್ ಕಾಯಿಲ್ (ಒಳಗೆ ಹಬೆ ಹರಿಯುವ ಕೊಳವೆ ಸುರುಳಿ) ಕೊಡುವ ಶಾಖವನ್ನು ಇಡೀ ಟ್ಯಾಂಕಿಗೆ ಸಮನಾಗಿ ಹರಡುವುದು ಮತ್ತು ಹೊಸ ಟ್ಯಾಂಕರಿನ ಎಣ್ಣೆಯನ್ನು ಹಳೆಯದರೊಂದಿಗೆ ಬೆರೆಸುವುದು ಇಲ್ಲಿನ ಕೆಲಸ. ತಳದಲ್ಲಿ ಕಟ್ಟಿಕೊಂಡ ಹಳೆಯ ಕೆಸರನ್ನು ಎಬ್ಬಿಸುವುದು ಬೇರೆಯೇ ಕೆಲಸ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಸ್ನಿಗ್ಧತೆಯ, ಎಂದರೆ ಎಣ್ಣೆ ಹರಿಯಲು ಒಡ್ಡುವ ತಡೆಯ, ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಡಿಕೆ ಬೇಯಿಸಿದ ಚೊಗರು ಹಂಡೆಯಲ್ಲಿ ಕುದಿಯುವಾಗ ನೀರಿನಂತೆ ಆಡುತ್ತದೆ, ಇಂಗಿಸಿ ಆರಿಸಿದರೆ ಸೌಟಿಗೇ ಅಂಟಿಕೊಳ್ಳುತ್ತದೆ. ಚೊಗರು ಇಂಗಿ ಗಟ್ಟಿಯಾದರೆ ಫರ್ನೇಸ್ ಆಯಿಲ್ ಬರೀ ತಣ್ಣಗಾದರೂ ಗಟ್ಟಿಯಾಗುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಬಳಕೆಯಲ್ಲಿರುವ ದರ್ಜೆಗೆ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 180 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ) ಗರಿಷ್ಠ ಮಿತಿ. ಅದೇ ಎಣ್ಣೆ 40 ಡಿಗ್ರಿಯಲ್ಲಿ ಸುಮಾರು 300ಕ್ಕೆ ಏರಿ, 20 ಡಿಗ್ರಿಗೆ ಇಳಿದಾಗ ಸಾವಿರವನ್ನು ದಾಟುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ಮಲೆನಾಡಿನಲ್ಲಿ ಇನ್ನೂ ಕೆಳಗಿನ ಉಷ್ಣತೆ ಇರುವುದರಿಂದ, ಬಾಯ್ಲರ್ ನಿಂತು ಪೂರ್ತಿ ತಣ್ಣಗಾದ ಟ್ಯಾಂಕನ್ನು ಕಣ್ಣ ಮುಂದೆ ಇಟ್ಟುಕೊಂಡೇ ಲೆಕ್ಕ ಹಾಕಬೇಕು.

ಮೂರು ಅಲಗಿನ ಮೆರೈನ್ ಪ್ರೊಪೆಲ್ಲರ್ ಒಂದು ಸೆಕೆಂಡಿಗೆ ತಳ್ಳುವ ಎಣ್ಣೆಯ ಪ್ರಮಾಣವನ್ನು ಕಂಡುಹಿಡಿಯಲು, ಸೆಕೆಂಡಿನ ಸುತ್ತುಗಳನ್ನು ವ್ಯಾಸದ ಘನದಿಂದ ಗುಣಿಸಿ ಅದರ ಅರ್ಧವನ್ನು ತೆಗೆದುಕೊಂಡರೆ ಸಾಕು. ವ್ಯಾಟ್‌ಗಳಲ್ಲಿ ಶಕ್ತಿ ಬೇಕಾದರೆ ಪವರ್ ಸಂಖ್ಯೆ (ಪ್ರೊಪೆಲ್ಲರಿನ ಆಕಾರಕ್ಕೆ ತಕ್ಕ ಗುಣಕ), ಸಾಂದ್ರತೆ, ಸುತ್ತುಗಳ ಘನ ಮತ್ತು ವ್ಯಾಸದ ಐದನೆಯ ಘಾತ, ಈ ನಾಲ್ಕನ್ನೂ ಗುಣಿಸಬೇಕು. ಪವರ್ ಸಂಖ್ಯೆ ನಿಂತಿರುವುದು ರೆನಾಲ್ಡ್ಸ್ ಸಂಖ್ಯೆಯ ಮೇಲೆ, ಎಂದರೆ ಸೆಕೆಂಡಿನ ಸುತ್ತುಗಳನ್ನು ವ್ಯಾಸದ ವರ್ಗದಿಂದ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ಮೇಲೆ. ಅದು 10,000 ದಾಟಿದರೆ ಪವರ್ ಸಂಖ್ಯೆಯನ್ನು 0.35 ಎನ್ನಬಹುದು, ಎಣ್ಣೆ ಗಟ್ಟಿಯಾಗುತ್ತ ಹೋದಂತೆ ಇದು ಏರುತ್ತದೆ.

ವ್ಯಾಸ 400 ಮಿಲಿಮೀಟರ್, ನಿಮಿಷಕ್ಕೆ 420 ಸುತ್ತು, ಎಂದರೆ ಸೆಕೆಂಡಿಗೆ 7 ಎಂದು ಹಿಡಿದು ನೋಡೋಣ. 50 ಡಿಗ್ರಿಯಲ್ಲಿ ರೆನಾಲ್ಡ್ಸ್ ಸಂಖ್ಯೆ ಸುಮಾರು 6,200 ಆಗುವುದರಿಂದ ಪವರ್ ಸಂಖ್ಯೆಯನ್ನು 0.4 ಎಂದಿಟ್ಟುಕೊಂಡರೆ ಪ್ರೊಪೆಲ್ಲರ್ ಕೇಳುವುದು 1.33 ಕಿಲೋವ್ಯಾಟ್, ತಳ್ಳುವುದು ಸೆಕೆಂಡಿಗೆ 0.22 ಘನ ಮೀಟರ್. ಈ ಹರಿವಿನಲ್ಲಿ ಇಡೀ ಟ್ಯಾಂಕ್ ಒಮ್ಮೆ ಮಗುಚಲು ಸುಮಾರು 13 ನಿಮಿಷ ಬೇಕು. ಒಮ್ಮೆ ಮಗುಚಿದ ಮಾತ್ರಕ್ಕೆ ಎಣ್ಣೆ ಬೆರೆಯುವುದಿಲ್ಲ; ನಾನು ಕನಿಷ್ಠ ಐದು ಸಲ ಎಂದು ಹಿಡಿಯುತ್ತೇನೆ, ಹಾಗಾಗಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು.

ಅದೇ ಶಕ್ತಿಯಲ್ಲಿ ವ್ಯಾಸವನ್ನು 500 ಮಿಲಿಮೀಟರ್‌ಗೆ ಏರಿಸಿ ವೇಗವನ್ನು ನಿಮಿಷಕ್ಕೆ 290 ಸುತ್ತಿಗೆ ಇಳಿಸಿದರೆ ಹರಿವು 0.30 ಘನ ಮೀಟರ್ ಆಗುತ್ತದೆ. ಒಂದೇ ಕರೆಂಟ್ ಬಿಲ್ಲಿಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹರಿವು ಲಾಭ. ಇದರ ಬೆಲೆಯನ್ನು ಟಾರ್ಕ್‌ನಲ್ಲಿ, ಎಂದರೆ ಶಾಫ್ಟನ್ನು ತಿರುಚುವ ಬಲದಲ್ಲಿ, ತೆರಬೇಕು: ಅದು ಸುಮಾರು 45 ಶೇಕಡ ಏರುವುದರಿಂದ ಗೇರ್‌ಬಾಕ್ಸ್, ಶಾಫ್ಟ್, ಬೇರಿಂಗ್ ಎಲ್ಲವೂ ದಪ್ಪವಾಗುತ್ತವೆ, ತೆಳ್ಳಗಿನ ಟ್ಯಾಂಕ್ ಗೋಡೆಯ ಮೇಲೆ ಭಾರ ಕೂರುತ್ತದೆ. ಹೊಸ ಟ್ಯಾಂಕ್ ಕಟ್ಟಿಸುವವರಿಗೆ ನಾನು ದೊಡ್ಡ, ನಿಧಾನದ ಪ್ರೊಪೆಲ್ಲರನ್ನೇ ಹೇಳುತ್ತೇನೆ. ಹಳೆಯ ಟ್ಯಾಂಕಿಗೆ ತೂತು ಕೊರೆದು ಕೂರಿಸುವುದಾದರೆ ಚಿಕ್ಕದೇ ವಾಸಿ. ಅದಕ್ಕೂ ನಾಝಲ್ (ಶಾಫ್ಟ್ ಒಳಹೋಗುವ ತೂತಿನ ಕೊಳವೆ) ಸುತ್ತ ಗೋಡೆಗೆ ಬಲ ಕೊಡುವ ಪ್ಯಾಡ್ ಪ್ಲೇಟ್ ಬೇಕು, ಮೋಟಾರಿನ ಭಾರ ಹೊರಲು ಟೈ ರಾಡ್ ಬೇಕು.

ಈಗ ಮೋಟಾರು. ತಣ್ಣನೆಯ ಎಣ್ಣೆಯಲ್ಲಿ ರೆನಾಲ್ಡ್ಸ್ ಸಂಖ್ಯೆ ಸಾವಿರದ ಕೆಳಗೆ ಬಿದ್ದು ಚಿಕ್ಕ ಪ್ರೊಪೆಲ್ಲರಿನ ಬೇಡಿಕೆಯೂ 1.8 ಕಿಲೋವ್ಯಾಟಿನ ಸುತ್ತ ಬರುತ್ತದೆ. ಗೇರ್ ಮತ್ತು ಸೀಲಿನ ನಷ್ಟ ಸೇರಿಸಿದರೆ 2 ಕಿಲೋವ್ಯಾಟ್. 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ ಮೋಟಾರು ಇದನ್ನು ಹೊತ್ತರೂ ಉಸಿರು ಬಿಡಲು ಜಾಗವಿರುವುದಿಲ್ಲ, ಅದರಲ್ಲೂ ಮಳೆಗಾಲದಲ್ಲಿ ವೋಲ್ಟೇಜ್ ಕುಸಿದಾಗ. ಆದರೂ 5 ಎಚ್‌ಪಿಗೆ ಹಾರುವ ಬದಲು, ಎಣ್ಣೆ 40 ಡಿಗ್ರಿ ಮುಟ್ಟುವವರೆಗೆ ಮೋಟಾರು ಚಾಲೂ ಆಗದಂತೆ ತಡೆಯುವ ಸ್ವಿಚ್, ಎಂದರೆ ಇಂಟರ್‌ಲಾಕ್ ಹಾಕುವುದು ಮೇಲು. ಆಗ ಲೋಡ್ ಒಂದೂವರೆ ಕಿಲೋವ್ಯಾಟ್ ಆಸುಪಾಸಿನಲ್ಲೇ ಉಳಿಯುತ್ತದೆ. ಮೋಟಾರು ಫ್ಲೇಮ್‌ಪ್ರೂಫ್ (ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂಥದ್ದು) ಆಗಿರಲಿ.

ಅಜಿಟೇಟರ್ ಇದ್ದ ಮಾತ್ರಕ್ಕೆ ಶಾಖ ಹುಟ್ಟುವುದಿಲ್ಲ. 160 ಟನ್ ಎಣ್ಣೆಯನ್ನು 25ರಿಂದ 50 ಡಿಗ್ರಿಗೆ ಒಂದು ದಿನದಲ್ಲಿ ಏರಿಸಲು, ಗೋಡೆಯ ನಷ್ಟ ಬಿಟ್ಟು, ಸುಮಾರು 93 ಕಿಲೋವ್ಯಾಟ್ ಬೇಕು. ಸ್ಟೀಮಿನ ಲೆಕ್ಕದಲ್ಲಿ ಗಂಟೆಗೆ 160 ಕೆಜಿ. ಕಾಯಿಲ್ ಅಷ್ಟನ್ನು ಕೊಡಲಾರದಿದ್ದರೆ ಪ್ರೊಪೆಲ್ಲರ್ ದೊಡ್ಡದು ಮಾಡಿ ಉಪಯೋಗವಿಲ್ಲ. ಫರ್ನೇಸ್ ಆಯಿಲಿನ ಫ್ಲಾಶ್ ಪಾಯಿಂಟ್ (ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ) ಕನಿಷ್ಠ 66 ಡಿಗ್ರಿ ಎಂದಿರುವುದರಿಂದ ಸಂಗ್ರಹದ ಉಷ್ಣತೆಯನ್ನು 50ರ ಸುತ್ತಲೇ ಇಡಬೇಕು. ಬರ್ನರಿಗೆ ಬೇಕಾದ ಹೆಚ್ಚಿನ ಬಿಸಿಯನ್ನು ಬರ್ನರ್ ಮುಂದಿನ ಹೀಟರ್ ಕೊಡಲಿ.

ಶಾಫ್ಟನ್ನು ಟ್ಯಾಂಕಿನ ನಡುಮಧ್ಯಕ್ಕೆ ನೇರವಾಗಿ ಗುರಿಯಿಡಬಾರದು. ಹಾಗಿಟ್ಟರೆ ಎಣ್ಣೆ ಗಿರಗಿರನೆ ಸುತ್ತುತ್ತದೆಯೇ ಹೊರತು ಮೇಲೆ ಕೆಳಗೆ ಬೆರೆಯುವುದಿಲ್ಲ. ಮೋಟಾರಿನ ಕಡೆಯಿಂದ ನೋಡಿದಾಗ ಪ್ರದಕ್ಷಿಣೆಯಾಗಿ ತಿರುಗುವ ಪ್ರೊಪೆಲ್ಲರಾದರೆ ಮಧ್ಯರೇಖೆಯಿಂದ ಎಡಕ್ಕೆ 7ರಿಂದ 10 ಡಿಗ್ರಿ ಓರೆ ಕೊಡುವುದು ರೂಢಿ. ಅಲಗುಗಳು ಕಾಯಿಲಿಗೆ ತಾಗದಷ್ಟು ದೂರವಿರಬೇಕು, ಎಣ್ಣೆಯ ಮಟ್ಟ ಪ್ರೊಪೆಲ್ಲರಿನ ಹತ್ತಿರ ಇಳಿಯುವ ಮೊದಲೇ ಲೆವೆಲ್ ಸ್ವಿಚ್ ಮೋಟಾರನ್ನು ನಿಲ್ಲಿಸಬೇಕು.

ತೀರ್ಥಹಳ್ಳಿ, ಹೊಸನಗರದ ಮಳೆಗೆ ವೆಂಟ್ ಪೈಪಿನಿಂದಲೋ ಮ್ಯಾನ್‌ಹೋಲಿನಿಂದಲೋ ನೀರು ಒಳಹೊಕ್ಕು ತಳದಲ್ಲಿ ನಿಲ್ಲುತ್ತದೆ. ಅಜಿಟೇಟರ್ ಅದನ್ನು ಎಣ್ಣೆಯೊಡನೆ ಕಡೆದು ಬಿಟ್ಟರೆ ಬೇರ್ಪಡಿಸುವುದು ಕಷ್ಟ. ಆದ್ದರಿಂದ ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಡ್ರೇನ್ ವಾಲ್ವಿನಿಂದ ನೀರು ಇಳಿಸಿ, ಆಮೇಲೆ ಚಾಲೂ ಮಾಡಬೇಕು.

ಕೊನೆಯದಾಗಿ, ಓಡಿಸಿ ನೋಡುವುದು. ಒಂದು ಘಟಕದಲ್ಲಿ ಎರಡು ವರ್ಷ ಸರಿಯಾಗಿ ನಡೆದ ಅಜಿಟೇಟರ್ ಇದ್ದಕ್ಕಿದ್ದಂತೆ ಕೆಲಸ ಮಾಡುತ್ತಿಲ್ಲವೆಂದು ಕರೆದಿದ್ದರು. ದೊಡ್ಡ ಮೋಟಾರು ತರಿಸುವ ಮಾತೂ ಆಗಿತ್ತು. ಮೋಟಾರು ತಿರುಗುತ್ತಿತ್ತು, ಆಂಪಿಯರ್‌ನಲ್ಲೂ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ. ತಳದ ಥರ್ಮಾಮೀಟರ್ 54 ತೋರಿಸುತ್ತಿದ್ದಾಗ ಮೇಲಿನದು 37ರಲ್ಲಿ ನಿಂತಿತ್ತು. ಮೋಟಾರು ಶಾಫ್ಟಿಗೆ ಕೂಡುವ ಜಾಗದ ಮೇಲಿನ ಕಪ್ಲಿಂಗ್ ಗಾರ್ಡಿನ ಜಾಲರಿಯೊಳಗೆ ಟಾರ್ಚ್ ಬಿಟ್ಟು, ಮೋಟಾರು ನಿಲ್ಲುವ ಕೊನೆಯ ಎರಡು ಸುತ್ತುಗಳನ್ನು ನೋಡಿದಾಗ ಶಾಫ್ಟ್ ಉಲ್ಟಾ ತಿರುಗುತ್ತಿರುವುದು ಕಂಡಿತು: ಮೋಟಾರು ರಿವೈಂಡಿಂಗ್ ಆಗಿ ಬಂದಾಗ ಎರಡು ಫೇಸ್ ಅದಲುಬದಲಾಗಿತ್ತು, ಅದನ್ನು ಜೋಡಿಸುವಾಗ ಪಕ್ಕದಲ್ಲೇ ನಿಂತಿದ್ದ ನಾನೂ ಗಮನಿಸಿರಲಿಲ್ಲ. ವೈರ್ ಬದಲಿಸಿದ ಮೇಲೆ ಸಂಜೆಯ ಹೊತ್ತಿಗೆ ಎರಡು ಥರ್ಮಾಮೀಟರುಗಳ ಅಂತರ ಎರಡು ಡಿಗ್ರಿಗೆ ಇಳಿಯಿತು, ಗಾರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬಾಣದ ಗುರುತು ಹಾಕಿಸಿ ಬಂದೆವು.